ಕಾಂತಿಯ ಡ್ರೈಯರ್‌ಗೆ ಡೈರೆಕ್ಟ್ ಕೊಟ್ಟದ್ದು

ಅಬ್ದುಲ್ ನಾಸಿರ್ ದಮ್ಮಾಮಿನ ಲಾಂಡ್ರಿಯೊಂದರಲ್ಲಿ ಹತ್ತೊಂಬತ್ತು ವರ್ಷ ಯಂತ್ರಗಳನ್ನು ನೋಡಿಕೊಂಡು ಬಂಟ್ವಾಳಕ್ಕೆ ಮರಳಿದವನು. ಫ್ರಿಜ್ಜು, ವಾಷಿಂಗ್ ಮೆಷಿನು ರಿಪೇರಿ ಮಾಡುವವರು ಊರಿನಲ್ಲಿ ಬೇಕಾದಷ್ಟಿದ್ದರು. ಬಟ್ಟೆ ಒಣಗಿಸುವ ಡ್ರೈಯರನ್ನು ಬಿಚ್ಚಿ ಜೋಡಿಸಬಲ್ಲವನು ಸುತ್ತಲಿನ ಮೂರು ತಾಲೂಕುಗಳಿಗೆ ಇವನೊಬ್ಬನೇ. ‘ಗಲ್ಫಿನ ಮೆಕ್ಯಾನಿಕ್’ ಎಂಬ ಹೆಸರು ತಾನಾಗಿಯೇ ಅಂಟಿಕೊಂಡಿತು, ಅದರ ಮೇಲೆ ಅವನಿಗೆ ವಿಪರೀತ ಮೋಹ. ‘ಇದು ನನ್ನಿಂದಾಗದು’ ಎಂದು ಹೇಳಿ ಯಾರ ಅಂಗಡಿಯಿಂದಲೂ ಅವನು ಹಿಂದೆ ಬಂದದ್ದಿಲ್ಲ. ಬಂದಿದ್ದರೆ ಒಳ್ಳೆಯದಿತ್ತು.

ಕಳೆದ ಜುಲೈಯ ಒಂದು ಗುರುವಾರ ಮೂಡುಬಿದಿರೆಯಿಂದ ಕಾಂತಿಯ ಫೋನು ಬಂತು. ಬೆಳುವಾಯಿಯ ಈ ಹೆಂಗಸು ಗಂಡ ತೀರಿಕೊಂಡ ಮೇಲೆ ಕಾಲೇಜಿನ ಹತ್ತಿರ ಎರಡು ಕೋಣೆ ಹಿಡಿದು ಹಾಸ್ಟೆಲ್ ಮಕ್ಕಳ ಬಟ್ಟೆ ಒಗೆದು, ಇಸ್ತ್ರಿ ಹಾಕಿ ಕೊಡುತ್ತಿದ್ದಳು. ಮಂಗಳೂರಿನಲ್ಲಿ ಮುಚ್ಚಿಹೋದ ಹೋಟೆಲೊಂದರಿಂದ ತಂದ ಆಳೆತ್ತರದ ಹಳೆಯ ಡ್ರೈಯರೇ ಮಳೆಗಾಲದಲ್ಲಿ ಅವಳಿಗೆ ಬಿಸಿಲು.

“ನಾಸಿರಾಕ, ತಿರುಗ್ತದೆ, ಬಿಸಿಯೇ ಆಗುವುದಿಲ್ಲ. ನೂರಹತ್ತು ಜೊತೆ ಯೂನಿಫಾರ್ಮ್ ಒದ್ದೆ ಉಂಟು. ನಾಳೆ ಬೆಳಿಗ್ಗೆ ಕೊಡದಿದ್ರೆ ಹಾಸ್ಟೆಲಿನವರು ಬೇರೆ ಲಾಂಡ್ರಿ ನೋಡ್ತಾರೆ.”

ನಾಸಿರ್ ಬಸ್ಸು ಹಿಡಿದು ಬಂದ. ಮೊದಲು ಕರೆಂಟು ನೋಡಿದ, ಸರಿಯಾಗಿಯೇ ಬರುತ್ತಿತ್ತು. ಮೇನ್ ಆಫ್ ಮಾಡಿ, ಹಿಂದಿನ ತಗಡು ಬಿಚ್ಚಿ, ಹೀಟರಿನ ಸುರುಳಿಗೆ ಮೀಟರಿನ ತಂತಿಯ ತುದಿ ತಾಗಿಸಿದ. ಮೀಟರು ಕುಂಯ್ ಎಂದಿತು, ಎಂದರೆ ಸುರುಳಿ ತುಂಡಾಗಿಲ್ಲ. ಬಿಸಿ ಸಾಕಷ್ಟಾದಾಗ ಹೀಟರನ್ನು ನಿಲ್ಲಿಸುವ ಥರ್ಮೋಸ್ಟಾಟಿಗೆ ತಾಗಿಸಿದ, ಅದೂ ಕುಂಯ್ ಎಂದಿತು. ಪಕ್ಕದ ಸಣ್ಣ ಥರ್ಮಲ್ ಫ್ಯೂಸ್ ಮಾತ್ರ ಸದ್ದೇ ಮಾಡಲಿಲ್ಲ. ಬಿಸಿ ಮಿತಿಮೀರಿದರೆ ತಾನು ಸತ್ತು ಹೀಟರನ್ನು ನಿಲ್ಲಿಸುವುದಷ್ಟೇ ಅದರ ಕೆಲಸ. ಆ ಕೆಲಸವನ್ನು ಅದು ಮಾಡಿತ್ತು.

ಹಾಗಾದರೆ ಬಿಸಿ ಮಿತಿಮೀರಿದ್ದು ಏಕೆ? ಬಿಸಿಗಾಳಿ ಹೊರಹೋಗುವ ಪೈಪಿಗೆ ಕೈ ಹಾಕಿದಾಗ ಮುಷ್ಟಿ ತುಂಬ ಬಟ್ಟೆಯಿಂದ ಉದುರಿದ ನೂಲಿನ ಜುಂಗು ಬಂತು. ಕಾರಣ ಸಿಕ್ಕಿತಲ್ಲ ಎಂದು ನಾಸಿರ್ ಪೈಪನ್ನು ಚೊಕ್ಕ ಮಾಡಿ ಹುಡುಕಾಟವನ್ನು ಅಲ್ಲಿಗೇ ನಿಲ್ಲಿಸಿದ. ಥರ್ಮೋಸ್ಟಾಟನ್ನು ಕಾಯಿಸಿ ಮತ್ತೊಮ್ಮೆ ನೋಡಬೇಕಿತ್ತು. ತಣ್ಣಗಿರುವಾಗ ಒಳ್ಳೆಯದೂ ಕುಂಯ್ ಎನ್ನುತ್ತದೆ, ಒಳಗೆ ಅಂಟಿಕೊಂಡು ಕೆಟ್ಟದ್ದೂ ಕುಂಯ್ ಎನ್ನುತ್ತದೆ. ದಮ್ಮಾಮಿನಲ್ಲಿ ಹೊಸಬರಿಗೆ ಇದನ್ನು ಹೇಳಿಕೊಡುತ್ತಿದ್ದವನು ಅವನೇ.

“ಫ್ಯೂಸ್ ಮಂಗಳೂರಿನಿಂದ ಬರ್ಬೇಕು. ಸೋಮವಾರ ಆಗ್ತದೆ.”

“ಸೋಮವಾರವಾ? ಹಾಗಾದ್ರೆ ನನ್ನ ಕಥೆ ಮುಗೀತು. ಏನಾದ್ರೂ ಮಾಡಿ ಮಾರಾಯ್ರೆ, ನಿಮಗೆ ಗೊತ್ತಿಲ್ಲದ್ದು ಉಂಟಾ?”

ಆ ಕೊನೆಯ ಮಾತಿಗೆ ಅವನು ಬಿದ್ದ. ನಮ್ಮ ಕಡೆಯ ಮೆಕ್ಯಾನಿಕ್‌ಗಳಿಗೆ ಒಂದು ಮಹಾವಿದ್ಯೆ ಗೊತ್ತಿದೆ. ಪಂಪಿನ ಸ್ಟಾರ್ಟರ್ ಕೆಟ್ಟರೆ ಡೈರೆಕ್ಟ್, ಮಿಕ್ಸಿಯ ಸ್ವಿಚ್ ಕೆಟ್ಟರೆ ಡೈರೆಕ್ಟ್. ಕೆಟ್ಟ ಭಾಗವನ್ನು ಬಿಟ್ಟು ತಂತಿಗೆ ತಂತಿ ಸೇರಿಸಿ, ‘ಡೈರೆಕ್ಟ್ ಕೊಟ್ಟಿದ್ದೇನೆ’ ಎಂದು ಎದೆಯುಬ್ಬಿಸಿ ಹೋಗುವುದು. ಮಾಡಿಸಿಕೊಂಡವರಿಗೂ ಅದೇ ದೊಡ್ಡ ಜಾಣತನ. ಕಾವಲುಗಾರನನ್ನು ಮನೆಗೆ ಕಳಿಸಿ ಬಾಗಿಲು ತೆರೆದಿಟ್ಟ ಹಾಗಾಯಿತು ಎಂದು ಯಾರೂ ಯೋಚಿಸುವುದಿಲ್ಲ. ನಾಸಿರ್ ಯೋಚಿಸಿದ. ಯೋಚಿಸಿಯೂ ಗೇಣುದ್ದದ ತಂತಿ ಕತ್ತರಿಸಿ ಫ್ಯೂಸಿನ ಎರಡು ತುದಿಗಳನ್ನು ಸೇರಿಸಿಬಿಟ್ಟ.

ಹೋಗುವಾಗ, “ಪ್ರತಿ ಸಲ ಡ್ರೈಯರಿನ ಜಾಲರಿಯ ಜುಂಗು ತೆಗೀರಿ ಕಾಂತಿಯಕ್ಕ. ತಿರುಗುವಾಗ ಬಿಟ್ಟು ಹೋಗ್ಬೇಡಿ, ಹತ್ತಿರವೇ ಇರಿ” ಎಂದ. ತಂತಿಯ ಸುದ್ದಿ ಎತ್ತಲಿಲ್ಲ. ಸುಮ್ಮನೆ ಹೆದರುತ್ತಾಳೆ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡ.

ಸೋಮವಾರ ಫ್ಯೂಸ್ ಬಂತು. ನಾಸಿರ್ ಆಗ ಬೆಳ್ತಂಗಡಿಯ ಒಂದು ವಸತಿಗೃಹದಲ್ಲಿ ದೊಡ್ಡ ವಾಷಿಂಗ್ ಮೆಷಿನನ್ನು ಬಿಚ್ಚಿ ಹರವಿಕೊಂಡು ಕೂತಿದ್ದ. ಅಲ್ಲಿಂದಲೇ ಫೋನು ಮಾಡಿದ.

“ಬಿಸಿ ಉಂಟಾ ಕಾಂತಿಯಕ್ಕ?”

“ಉಂಟಾ ಅಂತ ಕೇಳ್ತೀರಾ! ನಲ್ವತ್ತೈದು ನಿಮಿಷದ್ದು ಈಗ ಇಪ್ಪತ್ತೈದರಲ್ಲಿ ಒಣಗ್ತದೆ. ಬಟ್ಟೆ ಮುಟ್ಲಿಕ್ಕೆ ಆಗುವುದಿಲ್ಲ, ಅಷ್ಟು ಬಿಸಿ. ಹೊಸತರಲ್ಲೂ ಹೀಗೆ ಇರ್ಲಿಲ್ಲ. ಎಲ್ಲ ನಿಮ್ಮ ಕೈಗುಣ.”

ನಾಸಿರನ ಕೈಯಲ್ಲಿದ್ದ ಸ್ಪ್ಯಾನರ್ ಅಲ್ಲೇ ನಿಂತಿತು. ಥರ್ಮೋಸ್ಟಾಟ್ ಅಂಟಿಕೊಂಡಿದೆ, ಹೀಟರ್ ನಿಲ್ಲುತ್ತಲೇ ಇಲ್ಲ, ನಿಲ್ಲಿಸಬೇಕಾದ ಫ್ಯೂಸಿನ ಜಾಗದಲ್ಲಿ ತನ್ನ ತಂತಿ ಇದೆ. ಎಲ್ಲವೂ ಒಂದೇ ಕ್ಷಣದಲ್ಲಿ ತಿಳಿಯಿತು. ‘ಈಗಲೇ ಬಂದ್ ಮಾಡಿ’ ಎಂದರೆ ಸಾಕಿತ್ತು. ಆದರೆ ಅವಳು ಯಾಕೆ ಎನ್ನುತ್ತಾಳೆ. ತಂತಿಯ ವಿಷಯ ಬಾಯಿ ಬಿಡಬೇಕು. ಈಗಷ್ಟೇ ಹೊಗಳಿದವಳ ಎದುರು ಸಣ್ಣವನಾಗಬೇಕು. ಅದೊಂದು ಅವನಿಗೆ ಬೇಡವಾಗಿತ್ತು.

“ನಾಳೆ ಮಧ್ಯಾಹ್ನ ಬಂದು ಹೊಸ ಫ್ಯೂಸ್ ಹಾಕ್ತೇನೆ” ಎಂದ.

“ಅವಸರ ಇಲ್ಲ, ನಿಮಗಾದಾಗ ಬನ್ನಿ” ಎಂದಳು ಕಾಂತಿ.

ಮಂಗಳವಾರ ಬೆಳಿಗ್ಗೆ ಹತ್ತೂವರೆಗೆ ಡ್ರೈಯರಿನಿಂದ ಹೊಗೆ ಬಂತು. ಯಾರದೋ ಮಕ್ಕಳ ಬಟ್ಟೆ ಸುಟ್ಟುಹೋದೀತೆಂದು ಕಾಂತಿ ಬಾಗಿಲು ಎಳೆದಳು. ಗಾಳಿ ಸಿಕ್ಕಿದ್ದೇ ತಡ, ಒಳಗಿದ್ದ ಬೆಂಕಿ ಅವಳ ಮೇಲೆಯೇ ನುಗ್ಗಿತು. ಪಕ್ಕದ ಅಂಗಡಿಯವರು ಓಡಿಬಂದು ಅವಳನ್ನು ಹೊರಗೆಳೆದರು. ನಾಸಿರ್ ಬಂದು ತಲುಪಿದಾಗ ಎರಡು ಕೋಣೆಗಳಲ್ಲಿ ಉಳಿದದ್ದು ಕಪ್ಪು ನೀರು ಮಾತ್ರ. ನೋಡಲು ಬಂದವರೆಲ್ಲ ಶಾರ್ಟ್ ಸರ್ಕ್ಯೂಟ್ ಎಂದರು. ಹಿಂದಿನ ತಗಡನ್ನು ಯಾರೂ ಬಿಚ್ಚಲಿಲ್ಲ, ಅವನನ್ನು ಯಾರೂ ಏನೂ ಕೇಳಲಿಲ್ಲ. ಸುಮ್ಮನಿದ್ದಿದ್ದರೆ ಗಲ್ಫಿನ ಮೆಕ್ಯಾನಿಕ್ಕಿನ ಹೆಸರಿಗೆ ಸ್ವಲ್ಪವೂ ಕುಂದು ಬರುತ್ತಿರಲಿಲ್ಲ. ಎಂಟು ದಿನ ಸುಮ್ಮನೆಯೇ ಇದ್ದ.

ಒಂಬತ್ತನೆಯ ದಿನ ಮಂಗಳೂರಿನ ಆಸ್ಪತ್ರೆಗೆ ಹೋದ. ಕಾಂತಿಯ ಎರಡೂ ಕೈಗಳಿಗೆ ಮೊಣಕೈವರೆಗೆ ಬಟ್ಟೆ ಸುತ್ತಿತ್ತು. ಬಲಗೈಯ ಬೆರಳುಗಳು ಇನ್ನು ಮಡಚಲಾರವು, ಇಸ್ತ್ರಿ ಪೆಟ್ಟಿಗೆ ಹಿಡಿಯುವ ಮಾತೇ ಇಲ್ಲ ಎಂದು ಡಾಕ್ಟರು ಹೇಳಿದ್ದರು. ಮಗಳು ತೃಪ್ತಿ ಚಮಚದಲ್ಲಿ ಗಂಜಿ ಕುಡಿಸುತ್ತಿದ್ದಳು.

“ಬನ್ನಿ ನಾಸಿರಾಕ” ಎಂದಳು ಕಾಂತಿ. “ಹೇಗಾಯ್ತೋ ಗೊತ್ತಿಲ್ಲ. ನೀವು ಹೇಳಿದ ಹಾಗೇ ಮಾಡಿದ್ದೆ. ಪ್ರತಿ ಸಲ ಜುಂಗು ತೆಗ್ದಿದ್ದೆ. ಬಿಟ್ಟು ಎಲ್ಲಿಗೂ ಹೋಗ್ಲಿಲ್ಲ, ಹತ್ತಿರವೇ ಇದ್ದೆ.”

ನಾಸಿರನಿಗೆ ನೆಲ ಬಾಯಿಬಿಡಬಾರದೇ ಎನಿಸಿತು. ನಿಂತುಕೊಂಡೇ ಎಲ್ಲ ಹೇಳಿದ. ತಂತಿ ಹಾಕಿದ್ದು, ಥರ್ಮೋಸ್ಟಾಟನ್ನು ಕಾಯಿಸಿ ನೋಡದೆ ಬಿಟ್ಟದ್ದು. “ಸೋಮವಾರ ನೀವು ಫೋನಿನಲ್ಲಿ ಹೇಳುವಾಗಲೇ ನನಗೆ ಗೊತ್ತಾಗಿತ್ತು ಕಾಂತಿಯಕ್ಕ. ಬಂದ್ ಮಾಡಿ ಅಂತ ಹೇಳ್ಬೇಕಿತ್ತು. ಮರ್ಯಾದೆ ಹೋಗ್ತದೆ ಅಂತ ಹೇಳ್ಲಿಲ್ಲ.”

ತೃಪ್ತಿ ಚಮಚವನ್ನು ಬಟ್ಟಲಿಗೆ ಹಾಕಿದಳು. ಕಾಂತಿ ಬೈಯಲಿ, ಉಗಿಯಲಿ, ಪೊಲೀಸರನ್ನು ಕರೆಯಲಿ ಎಂದು ನಾಸಿರ್ ಕಾದ. ಅವಳು ಬಟ್ಟೆ ಸುತ್ತಿದ ತನ್ನ ಕೈಗಳನ್ನು ನೋಡಿದಳು.

“ಹೇಳಿದ್ರೆ ಬಂದ್ ಮಾಡ್ತಿದ್ದೆನಲ್ಲ ನಾಸಿರಾಕ” ಎಂದಳು. “ಯಾಕೆ ಅಂತಲೂ ಕೇಳ್ತಿರ್ಲಿಲ್ಲ.”