ಚೆನ್ನೈಯಿಂದ ಬಂದ ಎರಡು ಚಕ್ರ

ಬಂಗಾರಪೇಟೆ ಸ್ಟೇಷನ್ನಿನಲ್ಲಿ ಬೆಳಗಿನ ಚೆನ್ನೈ ಗಾಡಿ ನಿಲ್ಲುವುದು ಎರಡೇ ನಿಮಿಷ. ಅಷ್ಟರೊಳಗೆ ನಾನು, ನನ್ನ ತಮ್ಮ ಪ್ರಭು, ಹತ್ತು ಕೆಜಿ ರಾಗಿ ಹಿಟ್ಟಿನ ಚೀಲ ಮತ್ತು ಸೈಕಲ್ಲಿನ ಒಂದು ಮುಂಚಕ್ರ ಒಳಗೆ ಸೇರಬೇಕಿತ್ತು. ರಾಗಿ ಹಿಟ್ಟು ಪೆರಂಬೂರಿನ ಗಿರಿಜಾ ಚಿಕ್ಕಮ್ಮನಿಗೆ. ಚಕ್ರ ಯಾಕೆಂದು ಹೇಳಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಪ್ರಭು ಕೋಲಾರದ ಒಂದು ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಟೆಕ್ನಿಷಿಯನ್. ವಾರದಲ್ಲಿ ಆರು ದಿನ ಊರವರ ಸಕ್ಕರೆ ಅಳೆಯುತ್ತಾನೆ, ಏಳನೆಯ ದಿನ ಬೆಟ್ಟದ ಮೇಲಿಂದ ಸೈಕಲ್ಲಿನಲ್ಲಿ ಕೆಳಗೆ ಬೀಳುತ್ತಾನೆ. ಅದು ಬೀಳುವುದಲ್ಲ, ಡೌನ್‌ಹಿಲ್ ರೇಸು ಎಂದು ಅವನು ನೂರು ಸಲ ತಿದ್ದಿದ್ದಾನೆ. ಬಂಡೆ, ಬೇರು, ಕೊರಕಲುಗಳ ಮೇಲೆ ಒಬ್ಬೊಬ್ಬರಾಗಿ ಇಳಿಯಬೇಕು, ಯಾರು ಬೇಗ ಇಳಿದರೋ ಅವರು ಗೆದ್ದಂತೆ. ನಾಲ್ಕು ತಿಂಗಳ ಹಿಂದೆ ಒಂದು ರೇಸಿನಲ್ಲಿ ಬಂಡೆಯಿಂದ ಹಾರಿ ನೆಲಕ್ಕೆ ಬಿದ್ದಾಗ ಹಿಂದಿನ ಚಕ್ರ ಹಪ್ಪಳದ ಹಾಗೆ ಮಡಚಿಕೊಂಡಿತು. ಬಲಗಡೆಯ ಕಾಲರ್ ಮೂಳೆ ಮುರಿಯಿತು.

ಮೂಳೆ ಕೂಡಿಕೊಂಡಿತು. ಆದರೆ ಅಂದಿನಿಂದ ಸ್ನೇಹಿತರ ಸೈಕಲ್ ಕೇಳಿ ಓಡಿಸುವಾಗಲೂ ಹಾರಬೇಕಾದ ಕಡೆಯಲ್ಲೆಲ್ಲ ಅವನ ಕೈ ತಾನಾಗಿ ಬ್ರೇಕು ಹಿಡಿಯುತ್ತಿತ್ತು. ಮುಂದಿನ ರೇಸಿಗೆ ಹನ್ನೆರಡು ದಿನ ಉಳಿದಿತ್ತು. "ಅದ್ರಲ್ಲೂ ಹಿಂಗೇ ಆದ್ರೆ ಸೈಕಲ್ ಮಾರ್ಬಿಡ್ತೀನಿ ಅಕ್ಕ" ಎಂದು ಒಂದು ದಿನ ಊಟಕ್ಕೆ ಕೂತಾಗ ತಟ್ಟೆ ನೋಡಿಕೊಂಡೇ ಹೇಳಿದ. ಆ ಮಾತು ಕೇಳಲೆಂದು ನಾನು ಎಷ್ಟು ದೇವರಿಗೆ ಹರಕೆ ಹೊತ್ತಿದ್ದೆನೋ! ಕೇಳಿದ ಮೇಲೆ ಆ ಹರಕೆಗಳನ್ನೆಲ್ಲ ವಾಪಸು ಪಡೆಯಬೇಕೆನಿಸಿತು. ಒಳ್ಳೆಯ ಚಕ್ರ ಸಿಕ್ಕರೆ ಭಯ ಹೋದೀತೇನೋ ಎಂದು ನಾನೇ ಚೆನ್ನೈಗೆ ಹೊರಡಿಸಿದೆ. ಮಾದರಿಗೆ ಇರಲಿ ಎಂದು ಉಳಿದಿದ್ದ ಮುಂಚಕ್ರವನ್ನು ಅವನು ಬಿಚ್ಚಿ ಜೊತೆಗೆ ತಂದ. ಹೈಸ್ಕೂಲಿನಲ್ಲಿ ಗಣಿತ ಪಾಠ ಮಾಡುವವಳಿಗೆ ಚಕ್ರದ ವಿಷಯ ಏನು ಗೊತ್ತು? ಪರಿಧಿ, ವ್ಯಾಸ ಇಷ್ಟೇ.

ಬಂಗಾರಪೇಟೆಯಿಂದ ಚೆನ್ನೈಗೆ ಮುನ್ನೂರು ಕಿಲೋಮೀಟರಿಗೆ ಸ್ವಲ್ಪ ಕಡಿಮೆ. ಕೂತು ಹೋಗುವ ಟಿಕೆಟ್ಟು ನೂರು ಚಿಲ್ಲರೆ ರೂಪಾಯಿ, ಐದು ಗಂಟೆಯ ದಾರಿ. ಕುಪ್ಪಂ ದಾಟುವವರೆಗೆ ಕಿಟಕಿಯ ಗಾಳಿ ತಣ್ಣಗಿತ್ತು. ಜೋಲಾರ್‌ಪೇಟೆಯಲ್ಲಿ ಸ್ವೆಟರ್ ಬಿಚ್ಚಿದೆ, ಕಾಟ್ಪಾಡಿಯಲ್ಲಿ ವಡೆ ತಿಂದೆವು, ಅರಕ್ಕೋಣಂ ಹೊತ್ತಿಗೆ ಸೀರೆಯ ಸೆರಗೇ ಬೀಸಣಿಗೆಯಾಯಿತು.

ಗಿರಿಜಾ ಚಿಕ್ಕಮ್ಮ ರೈಲ್ವೆ ವರ್ಕ್‌ಶಾಪಿನ ಸ್ಟೋರ್ಸ್ ಕೌಂಟರಿನಲ್ಲಿ ಮೂವತ್ತು ವರ್ಷಕ್ಕೂ ಹೆಚ್ಚು ಕೆಲಸ ಮಾಡಿ ನಿವೃತ್ತರಾದವರು. ಚಿಕ್ಕಪ್ಪ ತೀರಿಕೊಂಡ ಮೇಲೂ ಪೆರಂಬೂರು ಬಿಟ್ಟಿಲ್ಲ. ಕೋಲಾರದ ಕನ್ನಡಕ್ಕೆ ಅವರು ತಮಿಳು ಬೆರೆಸುತ್ತಾರೋ ತಮಿಳಿಗೆ ಕನ್ನಡವೋ ಎಂದು ನನಗೆ ಇನ್ನೂ ತೀರ್ಮಾನವಾಗಿಲ್ಲ. ಬಾಗಿಲಲ್ಲೇ ರಾಗಿ ಹಿಟ್ಟಿನ ಚೀಲ ಇಸಿದುಕೊಂಡು, ಪ್ರಭುವಿನ ಭುಜ ಮುಟ್ಟಿ ನೋಡಿ, ಆಮೇಲೆ ಚಕ್ರದ ಕಡೆ ತಿರುಗಿದರು.

"ಇದೇನೋ ಒಂದೇ ಇದೆ? ಮುರಿದದ್ದು ಎಂಗೆ, ಎಲ್ಲಿ? ಅದನ್ನಲ್ಲವಾ ತರಬೇಕು!"

"ಅವತ್ತೇ ಯಾರೋ ಎಸೆದ್ಬಿಟ್ರಂತೆ ಚಿಕ್ಕಮ್ಮ" ಎಂದ ಪ್ರಭು.

"ಅಯ್ಯೋ! ನಮ್ ಕೌಂಟರಲ್ಲಿ ಹಳೇ ಸಾಮಾನು ಮುಂದೆ ಇಡದೇ ಹೋದ್ರೆ ಹೊಸದು ಒಂದು ಬೋಲ್ಟೂ ಕೊಡ್ತಿರ್ಲಿಲ್ಲ ನಾನು. ಆಫೀಸರ್ ಬಂದು ನಿಂತ್ರೂ ಅಷ್ಟೇ. ಹಳೇದು ನೋಡಿದ್ರೆ ತಾನೇ ಯಾಕೆ ಹೋಯ್ತು, ಏನು ಕೊಡಬೇಕು ಅಂತ ತೆರಿಯೋದು?"

ನಾನು ನೀರು ಕುಡಿಯುವ ನೆಪದಲ್ಲಿ ಅಡುಗೆಮನೆಗೆ ಹೋದೆ. ಆ 'ಯಾರೋ' ನಾನೇ. ಅವನು ಆಸ್ಪತ್ರೆಯಲ್ಲಿದ್ದಾಗ ಸ್ನೇಹಿತರು ಸೈಕಲ್ಲನ್ನೂ ಮುರಿದ ಚಕ್ರವನ್ನೂ ಮನೆಗೆ ತಂದು ಹಜಾರದಲ್ಲಿ ಒರಗಿಸಿ ಹೋಗಿದ್ದರು. ಅಪಶಕುನದ ವಸ್ತು, ಮನೆಯೊಳಗೆ ಬೇಡ ಎಂದು ಮರುದಿನ ಬೆಳಿಗ್ಗೆಯೇ ಚಕ್ರವನ್ನು ಗುಜರಿಯವನಿಗೆ ಕೊಟ್ಟುಬಿಟ್ಟೆ. ಪ್ರಭು ಕೇಳಿದಾಗ, ಗೊತ್ತಿಲ್ಲ, ಯಾರೋ ಎಸೆದಿರಬೇಕು ಎಂದಿದ್ದೆ. ಗಣಿತದ ಮೇಷ್ಟ್ರಮ್ಮ ಶಕುನ ನೋಡಿದಳು ಎಂದು ಹೇಳಿಕೊಳ್ಳಲು ನಾಚಿಕೆಯಾಗಿತ್ತು.

ಸಂಜೆ ನುಂಗಂಬಾಕ್ಕಂನ ಒಂದು ದೊಡ್ಡ ಸೈಕಲ್ ಅಂಗಡಿಗೆ ಹೋದೆವು. ಒಳಗೆ ಏಸಿ, ಗೋಡೆಯ ತುಂಬ ಚಕ್ರಗಳು. ಕಪ್ಪಗೆ ಮಿರುಗುವ ಕಾರ್ಬನ್ ಚಕ್ರವೊಂದನ್ನು ಪ್ರಭು ಕಿರುಬೆರಳಿನಿಂದ ಎತ್ತಿ ತೋರಿಸಿದ. ಬೆಲೆಯ ಚೀಟಿ ನೋಡಿ ನಾನೇ ಅವನ ಕೈಯಿಂದ ಮೆಲ್ಲಗೆ ಇಳಿಸಿ ಗೋಡೆಗೆ ಹಾಕಿದೆ. ಒಂದು ಲಕ್ಷ ದಾಟಿತ್ತು. ನಮ್ಮ ಹತ್ತಿರ ಇದ್ದದ್ದು ಮೂವತ್ತು ಸಾವಿರ. ಅಷ್ಟು ದುಡ್ಡಿಗೆ ಸಿಗುವ ಇನ್ನೊಂದು ಜೋಡಿಯನ್ನು ಅವನು ಕೈಗೆತ್ತಿಕೊಂಡಾಗ ಅಂಗಡಿಯ ಹೆಣ್ಣುಮಗಳು ತಡೆದಳು. ಅದು ಸಮನೆಲದಲ್ಲಿ, ಕಾಡುದಾರಿಯಲ್ಲಿ ಓಡಿಸುವವರಿಗೆ, ಬಂಡೆಯಿಂದ ಹಾರುವವರಿಗಲ್ಲ, ಅದಕ್ಕೆ ವಾರಂಟಿಯೂ ಇಲ್ಲ ಎಂದಳು. ಮಾರುವವಳೇ ಬೇಡವೆಂದದ್ದು ನನಗೆ ಬಹಳ ಹಿಡಿಸಿತು. ಸೌಕಾರ್‌ಪೇಟೆಯ ಪಕ್ಕದ ಸೈಕಲ್ ಬೀದಿಯಲ್ಲಿ ಷಣ್ಮುಗಂ ಎನ್ನುವ ಮೇಸ್ತ್ರಿ ಇದ್ದಾರೆ, ಇಲ್ಲಿಯ ರೇಸಿನ ಹುಡುಗರೆಲ್ಲ ಅವರ ಹತ್ತಿರವೇ ಚಕ್ರ ಕಟ್ಟಿಸುತ್ತಾರೆ ಎಂದು ಖಾಲಿ ಬಿಲ್ಲೊಂದರ ಹಿಂದೆ ವಿಳಾಸವನ್ನೂ ಬರೆದುಕೊಟ್ಟಳು.

ಮರುದಿನ ಶನಿವಾರ. ಚಿಕ್ಕಮ್ಮ "ನೀವಿಬ್ರೇ ಹೋದ್ರೆ ತಲೆಗೆ ಟೋಪಿ ಹಾಕಿ ಕಳಿಸ್ತಾರೆ, ವಾಂಗೋ, ಬನ್ನಿ" ಎಂದು ಚಪ್ಪಲಿ ಮೆಟ್ಟಿ ಮುಂದಾದರು. ಆಟೋ ಸೌಕಾರ್‌ಪೇಟೆಯ ಗಲ್ಲಿಗಳ ಬಾಯಲ್ಲೇ ನಿಂತಿತು. ಬಟ್ಟೆಯ ಗಂಟು ಹೊತ್ತ ತಳ್ಳುಗಾಡಿಗಳ ಮಧ್ಯೆ ಕಾಲು ಕಿಲೋಮೀಟರ್ ನಡೆದೆವು. ಪ್ರಭು ಚಕ್ರವನ್ನು ತಲೆಯ ಮೇಲೆ ಎತ್ತಿ ಹಿಡಿದಿದ್ದ, ಆ ಗುಂಪಿನಲ್ಲಿ ನಾವು ಅದನ್ನು ನೋಡಿಕೊಂಡೇ ಹಿಂಬಾಲಿಸಿದೆವು.

ಷಣ್ಮುಗಂ ಅವರ ಅಂಗಡಿ ಎರಡು ಆಳಿನ ಅಗಲ. ಅರವತ್ತು ದಾಟಿದ ಮನುಷ್ಯ, ಹಣೆಗೆ ವಿಭೂತಿ, ದಾರ ಕಟ್ಟಿದ ಕನ್ನಡಕ. ಅವರು ಮಾತಾಡಿದ್ದೆಲ್ಲ ತಮಿಳಿನಲ್ಲಿ. ಕೋಲಾರದವರಾದ ನಮಗೆ ಅರ್ಧ ತಿಳಿಯಿತು, ಉಳಿದರ್ಧ ಚಿಕ್ಕಮ್ಮ ತಿಳಿಸಿದರು. ಮುಂಚಕ್ರವನ್ನು ತಿರುಗಿಸಿ ನೋಡಿದರು. ರಿಮ್ಮು ಮೂರು ಕಡೆ ತಗ್ಗಾಗಿತ್ತು. ನಡುವಿನ ಹಬ್ ಮಾತ್ರ ಚೆನ್ನಾಗಿದೆ, ಇದಕ್ಕೇ ಹೊಸ ರಿಮ್ಮು ಕಟ್ಟೋಣ ಎಂದರು.

"ರಿಮ್ಮು ಅಂದ್ರೆ ಚಪ್ಪಲಿ. ಕಲ್ಲಿಗೆ ಹೊಡೆದು ಹೋಗ್ಲಿ ಅಂತಾನೇ ಇರೋದು, ಹೋದ್ರೆ ಬೇರೆ ಹಾಕು. ಹಬ್ ಅಂದ್ರೆ ಕಾಲು. ದುಡ್ಡೆಲ್ಲ ಅದರಲ್ಲೇ ಇರೋದು. ಹಿಂದಿನ ಹಬ್ ಕೊಡಿ" ಎಂದು ಕೈ ಚಾಚಿದರು.

ಚಾಚಿದ ಕೈ ಹಾಗೇ ಇತ್ತು. ಹಿಂದಿನ ಚಕ್ರದಲ್ಲೂ ಮಡಚಿದ್ದು ರಿಮ್ಮು, ಹಬ್ಬಿಗೆ ಏನೂ ಆಗಿರಲಿಲ್ಲ ಎಂದು ಪ್ರಭು ಮೆಲ್ಲಗೆ ಹೇಳಿದ. ನನಗೆ ತಡೆಯಲಾಗಲಿಲ್ಲ.

"ಅದನ್ನ ಗುಜರಿಗೆ ಹಾಕಿದ್ದು ನಾನೇ ಕಣೋ" ಎಂದೆ. "ನೋಡೋಕಾಗ್ಲಿಲ್ಲ. ಕೆಟ್ಟ ಶಕುನ ಅಂತ ಕೊಟ್ಬಿಟ್ಟೆ."

ಚಿಕ್ಕಮ್ಮ ಹಣೆ ಚಚ್ಚಿಕೊಂಡರು. "ಬಿ.ಎಸ್ಸಿ., ಬಿ.ಎಡ್. ಬೇರೆ!" ಎಂದರು. ಪ್ರಭು ಅಂಗಡಿಯಿಂದ ಇಳಿದು ಗುಂಪಿನಲ್ಲಿ ಮರೆಯಾದ. ಆ ಹತ್ತು ನಿಮಿಷ ನಾನು ಪಟ್ಟ ಸಂಕಟ ಯಾರಿಗೂ ಬೇಡ. ತಿರುಗಿ ಬಂದಾಗ ಅವನ ಕೈಯಲ್ಲಿ ಕಾಗದದ ತಟ್ಟೆಗಳಿದ್ದವು. ಎರಡು ಚಕ್ಕುಲಿಯ ನಡುವೆ ಸೌತೆಕಾಯಿ, ಈರುಳ್ಳಿ, ಹಸಿರು ಚಟ್ನಿ. ಅಲ್ಲಿ ಅದಕ್ಕೆ ಮುರುಕ್ಕು ಸ್ಯಾಂಡ್‌ವಿಚ್ ಎನ್ನುತ್ತಾರೆ.

"ನಂಗೆ ಗೊತ್ತಿತ್ತು ಅಕ್ಕ" ಎಂದ. "ಗುಜರಿಯೋನೇ ಹೇಳ್ದ. ನಂಗೂ ಅದರ ಮುಖ ನೋಡೋಕಾಗ್ತಿರ್ಲಿಲ್ಲ, ಅದಕ್ಕೇ ಸುಮ್ನಾದೆ. ತಿನ್ನು, ಮೆತ್ತಗಾಗುತ್ತೆ."

ನಾನು ಕಣ್ಣೀರಿಗೆ ಖಾರದ ನೆಪ ಹೇಳಿ ತಿಂದೆ. ನಾಲ್ಕು ತಿಂಗಳಿಂದ ಎದೆಯ ಮೇಲೆ ಕೂತಿದ್ದು ಅಂತೂ ಇಳಿಯಿತು.

ಮೇಸ್ತ್ರಿ ಅಷ್ಟರಲ್ಲಿ ಅಟ್ಟದಿಂದ ಹಳೆಯ ಹಬ್ ಒಂದನ್ನು ತೆಗೆದಿದ್ದರು. ನಮ್ಮೆದುರೇ ಅದರ ಬೇರಿಂಗುಗಳನ್ನು ಹೊರಗೆ ಹಾಕಿ ಹೊಸದನ್ನು ಕೂರಿಸಿದರು. ಈ ಬೇರಿಂಗು ಯಾವ ಊರಿನಲ್ಲಾದರೂ ಸಿಗುತ್ತದೆ ಎಂದರು. ಪ್ರಭು ಫ್ರೇಮಿನಿಂದ ಬಿಚ್ಚಿ ತಂದಿದ್ದ ಅಚ್ಚಿನ ಕಡ್ಡಿಯನ್ನು ತೂರಿಸಿ, ಅವನು ಬರೆದು ತಂದ ಅಗಲಕ್ಕೆ ಹಿಡಿದು ನೋಡಿದರು. ಸರಿಹೋಯಿತು. "ಪರವಾಯಿಲ್ಲೆ, ಅಳತೆ ಆದ್ರೂ ತಂದಿದ್ದಾನೆ" ಎಂದು ಚಿಕ್ಕಮ್ಮ ನನ್ನ ಕಡೆ ನೋಡಿದರು.

ರಿಮ್ಮು ದಪ್ಪ ಅಲ್ಯೂಮಿನಿಯಮ್ಮಿನದು. ಕಾರ್ಬನ್ ಆದರೆ ಏಟು ಬಿದ್ದಾಗ ಬಿರಿಯುತ್ತದೆ, ಇದು ಬಗ್ಗುತ್ತದೆ, ಬಗ್ಗಿದ್ದನ್ನು ಬೆಂಡು ತೆಗೆಯಬಹುದು ಎನ್ನುವುದು ಅವರ ವಾದ. ಒಂದೊಂದು ಚಕ್ರಕ್ಕೆ ಮೂವತ್ತೆರಡು ಸ್ಪೋಕ್ ಕಡ್ಡಿ. ಪ್ರಭು ರಿಮ್ಮನ್ನು ಕೈಯಲ್ಲಿ ತೂಗಿ, ಭಾರವಾಯಿತಲ್ಲ ಎಂದ.

"ಇಳಿಯೋದು ತಾನೇ ತಂಬಿ? ಹತ್ತೋದಲ್ಲವಲ್ಲ!" ಎಂದರು ಮೇಸ್ತ್ರಿ.

ಮಧ್ಯಾಹ್ನವೆಲ್ಲ ಅವರು ಕಟ್ಟುವುದನ್ನು ನೋಡುತ್ತಾ ಕೂತೆವು. ಬೀದಿಯ ಸೆಕೆ ಬೆಂಕಿಯಂತಿತ್ತು, ಚಿಕ್ಕಮ್ಮ ಎರಡು ಸಲ ಮಜ್ಜಿಗೆ ತರಿಸಿದರು. ಪ್ರತಿ ಕಡ್ಡಿಯೂ ಬೇರೆ ಮೂರು ಕಡ್ಡಿಗಳನ್ನು ಅಡ್ಡ ಹಾಯ್ದು ರಿಮ್ಮಿಗೆ ಹೋಗುತ್ತಿತ್ತು. ಬೋರ್ಡಿನ ಮೇಲೆ ಇಷ್ಟು ಚೆಂದದ ಚಿತ್ರವನ್ನು ನಾನು ಎಂದೂ ಬರೆದಿಲ್ಲ. ಹಿಂದಿನ ಚಕ್ರ ಮುಗಿದು ಅಲುಗಾಡದೆ ತಿರುಗಿದಾಗ, ಆಯಿತೆಂದು ನಾನು ಚೀಲಕ್ಕೆ ಕೈಹಾಕಿದೆ. ಮೇಸ್ತ್ರಿ ತಲೆಯಾಡಿಸಿದರು. ಚಕ್ರವನ್ನು ಮರದ ದಿಮ್ಮಿಯ ಮೇಲೆ ಮಲಗಿಸಿ, ಪ್ರಭುವನ್ನು ಕರೆದು, ರಿಮ್ಮಿನ ಎರಡು ಬದಿಗೂ ಕೈಯಿಟ್ಟು ಮೈಭಾರ ಹಾಕು ಎಂದರು. ಓಡಿಸುವವನೇ ಒತ್ತಬೇಕು, ಅದು ಅವರ ಅಂಗಡಿಯ ಪದ್ಧತಿಯಂತೆ.

ಪ್ರಭು ಎಡಗೈ ಮಾತ್ರ ಇಟ್ಟ. "ಎರಡೂ" ಎಂದರು ಮೇಸ್ತ್ರಿ. ಬಲಗೈಯನ್ನೂ ಇಟ್ಟು ಒತ್ತಿದ. ಚಕ್ರ ಟಿಕ್ ಟಿಕ್ ಎಂದಿತು. ಅವನು ಬಿಸಿ ತಾಗಿದವನಂತೆ ಕೈ ತೆಗೆದ.

"ಬಿದ್ದ ದಿನಾನೂ ಇದೇ ಸದ್ದು ಬಂದಿತ್ತು" ಎಂದ. ಅದನ್ನು ಅವನು ನಮಗೆ ಯಾರಿಗೂ ಹೇಳಿರಲಿಲ್ಲ.

ಚಿಕ್ಕಮ್ಮ ತಮಿಳಿನಲ್ಲಿ ತಿಳಿಸಿದರು. ಮೇಸ್ತ್ರಿ ಕನ್ನಡಕ ಹಣೆಗೇರಿಸಿ ಅವನನ್ನೇ ನೋಡಿದರು. "ತಿರುಚಿಕೊಂಡಿರೋ ಕಡ್ಡಿ ಜಾಗಕ್ಕೆ ಕೂತ್ಕೊಳ್ಳೋ ಸದ್ದು ಇದು. ಹಳೇದನ್ನ ಕಟ್ಟಿದವನು ಹಿಂಗೆ ಒತ್ತಿ ಕೂರಿಸದೇ ಕೊಟ್ಟಿದ್ದಾನೆ, ಅದು ಬೆಟ್ಟದ ಮೇಲೆ ಕೂತಿದೆ. ಕಡ್ಡಿ ಸಡಿಲ ಆದ್ರೆ ರಿಮ್ಮು ಮಡಚದೇ ಏನ್ ಮಾಡುತ್ತೆ? ನಿನ್ನ ತಪ್ಪೇನಿಲ್ಲ. ಒತ್ತು."

ಇಷ್ಟು ದಿನ ಅವನು ತಾನೇ ತಪ್ಪಾಗಿ ಹಾರಿದೆ ಎಂದುಕೊಂಡಿದ್ದನೆಂದು ನನಗೆ ಆಗ ಹೊಳೆಯಿತು. ಪ್ರಭು ಮತ್ತೆ ಒತ್ತಿದ. ಸುತ್ತಲೂ ಒತ್ತಿ, ತಿರುಗಿಸಿ, ಮಗ್ಗುಲು ಬದಲಿಸಿ ಒತ್ತಿದ. ಮೇಸ್ತ್ರಿ ಕಡ್ಡಿಗಳನ್ನು ಬಿಗಿ ಮಾಡಿ ಮತ್ತೆ ಕೊಟ್ಟರು. ಎರಡನೆಯ ಸಲ ನಾಲ್ಕೈದು ಸದ್ದು, ಮೂರನೆಯ ಸಲ ಒಂದು. ನಾಲ್ಕನೆಯ ಸಲ ಅವನು ಕಾಲು ನೆಲದಿಂದ ಎತ್ತಿ ಪೂರ್ತಿ ಭಾರ ಬಿಟ್ಟರೂ ಚಕ್ರ ತುಟಿ ಪಿಟಕ್ಕೆನ್ನಲಿಲ್ಲ. ಮುಂಚಕ್ರಕ್ಕೂ ಅದೇ ಶಾಸ್ತ್ರವಾಯಿತು. ಕೂಲಿ ಸೇರಿ ಇಪ್ಪತ್ತೇಳು ಸಾವಿರದೊಳಗೆ ಮುಗಿಯಿತು.

ಭಾನುವಾರ ಊರಿಗೆ ಹೊರಟೆವು. ಗೋಣಿಯಲ್ಲಿ ಸುತ್ತಿದ ಚಕ್ರಗಳನ್ನು ಮೇಲಿನ ಹಲಗೆಯಲ್ಲಿ ಇಟ್ಟರೂ ಪ್ರಭು ಮೂರು ಸಲ ಎದ್ದು ಮುಟ್ಟಿ ನೋಡಿದ. ಎದುರಿನ ಸೀಟಿನ ಅಜ್ಜಿ ಏನಪ್ಪಾ ಅದು, ಗಾಜಾ ಎಂದು ಕೇಳಿದರು. "ಗಾಜಲ್ಲ ಅಜ್ಜಿ" ಎಂದು ನಕ್ಕ. ಆಂಬೂರು ಬರುವಷ್ಟರಲ್ಲಿ ಬಾಯಿ ತೆರೆದು ನಿದ್ದೆ ಹೋಗಿದ್ದ. ಎಷ್ಟೋ ವಾರಗಳ ಮೇಲೆ ಅವನು ಹಾಗೆ ನಿದ್ದೆ ಮಾಡಿದ್ದನ್ನು ಕಂಡೆ.

ಬುಧವಾರ ಲ್ಯಾಬಿಗೆ ರಜೆ ಹಾಕಿ, ನನ್ನನ್ನೂ ಕರೆದುಕೊಂಡು ಅಂತರಗಂಗೆ ಬೆಟ್ಟಕ್ಕೆ ಹೋದ. ಎರಡು ಆಳೆತ್ತರದ ಬಂಡೆಯೊಂದರ ಕೆಳಗೆ ನನ್ನನ್ನು ನಿಲ್ಲಿಸಿ, "ಇಲ್ಲೇ ನೋಡ್ತಿರು" ಎಂದು ಸೈಕಲ್ ತಳ್ಳಿಕೊಂಡು ಮೇಲೆ ಹೋದ. ಮೇಲಿಂದ ಟೈರು ಕಲ್ಲುಗಳ ಮೇಲೆ ಉರುಳುವುದು ಕೇಳಿಸಿತು. ಹತ್ತಿರ ಬಂತು. ನಾನು ಗಟ್ಟಿಯಾಗಿ ಕಣ್ಣು ಮುಚ್ಚಿಕೊಂಡು ಬ್ರೇಕಿನ ಕಿರುಚಾಟಕ್ಕೆ ಕಾದೆ. ಅದು ಬರಲಿಲ್ಲ. ಒಂದು ಕ್ಷಣ ಏನೂ ಇರಲಿಲ್ಲ, ಆಮೇಲೆ ನನ್ನ ಪಕ್ಕದಲ್ಲೇ ಧಡ್ ಎಂದಿತು, ಸಣ್ಣ ಕಲ್ಲುಗಳು ಕಾಲಿಗೆ ಸಿಡಿದವು. ಕಣ್ಣು ಬಿಟ್ಟರೆ ಅವನು ಆಗಲೇ ಕೆಳಗಿನ ತಿರುವಿನಲ್ಲಿದ್ದ, ಎರಡು ಕಾಲ ಮೇಲೆ ನಿಂತು ಕೂಗುತ್ತಿದ್ದ.

"ಅಕ್ಕಾ! ನೋಡಿದ್ಯಾ?"

ಹೂಂ ಎನ್ನಬಹುದಿತ್ತು. ಆದರೆ ಇನ್ನು ಅವನಿಗೆ ಸುಳ್ಳು ಹೇಳುವುದು ಸಾಕೆನಿಸಿತ್ತು.

"ಇಲ್ಲ ಕಣೋ, ಕಣ್ಣು ಮುಚ್ಕೊಂಡಿದ್ದೆ" ಎಂದು ಕೂಗಿದೆ. "ಮೇಲೆ ಹತ್ತು. ಇನ್ನೊಂದ್ಸಲ ಹಾರು!"