ಓದದೆ ಬಿಟ್ಟ ಫೇ

ವಾಡಿ ಜಂಕ್ಷನ್ನಿನಲ್ಲಿ ಮುಂಬೈ, ಮದ್ರಾಸ್, ಹೈದರಾಬಾದ್ ಮೂರೂ ಕಡೆಯ ಗಾಡಿಗಳು ಬಂದು ಕೂಡುತ್ತವೆ. ಅಲ್ಲಿ ಹಳಿ ಬದಲಿಸುವ ಕಾಂಟೇವಾಲಾ ಗುಲಾಮ ದಸ್ತಗೀರ. ನಿಜಾಮನ ರೈಲಿಗೆ ಸೇರಿ ಮೂವತ್ತು ವರ್ಷವಾದರೂ ಒಂದು ಡಬ್ಬಿಯನ್ನೂ ತಪ್ಪು ಹಳಿಗೆ ಬಿಟ್ಟವನಲ್ಲ. ಓದು ಬರಹ ಮಾತ್ರ ಬಾರದು.

1970ರ ಮಾರ್ಚಿನಲ್ಲಿ ರೈಲ್ವೆ ಕಚೇರಿಯಿಂದ ಅವನಿಗೊಂದು ಕಾಗದ ಬಂತು. ಓದಿಸಲು ನನ್ನ ಬಳಿ ತಂದ. ನಾನು ಅಮೃತಪ್ಪ, ಊರ ಶಾಲೆಯ ಮಾಸ್ತರ. ಜೂನ್ ಕೊನೆಗೆ ದಸ್ತಗೀರನಿಗೆ ಐವತ್ತೆಂಟು ತುಂಬುತ್ತದೆ, ನೌಕರಿ ಮುಗಿಯಿತು, ಕ್ವಾರ್ಟರ್ಸ್ ಬಿಡಬೇಕು ಎಂದಿತ್ತು. ಅವನಿಗಿನ್ನೂ ಐವತ್ತೂ ತುಂಬಿರಲಿಲ್ಲ. ಅವನಿಗೂ ಹೆಂಡತಿ ಹಮೀದಾಬಿಗೂ ಆ ಎರಡು ಕೋಣೆ ಬಿಟ್ಟರೆ ಬೇರೆ ಸೂರಿರಲಿಲ್ಲ. ಎಂಟು ವರ್ಷ ಎಲ್ಲಿ ಹೋದವೆಂದು ಕೇಳಿದ. ನನಗೆ ಗೊತ್ತಿತ್ತು.

1957ರಲ್ಲಿ ರೈಲ್ವೆಯ ಹಳೆಯ ಉರ್ದು ದಾಖಲೆಗಳನ್ನು ಇಂಗ್ಲಿಷಿಗೆ ಇಳಿಸುವಾಗ, ಪರಸ್ಥಳದ ಗುಮಾಸ್ತನಿಗೆ ಉರ್ದು ಬಾರದೆ ನನ್ನನ್ನು ಕರೆಸಿದ್ದರು. ನಮ್ಮ ಕಾಲದ ಶಾಲೆಯೆಲ್ಲ ಉರ್ದುವೇ. ದೊಡ್ಡ ಪಂಡಿತನಂತೆ ಕೂತು, ದಸ್ತಗೀರ ಹುಟ್ಟಿದ್ದು ಹದಿಮೂರುನೂರಾ ಮೂವತ್ತರಲ್ಲಿ ಎಂದು ಓದಿದೆ. ಅಂಕಿಯ ಪಕ್ಕ ‘ಫೇ’ ಎಂಬ ಅಕ್ಷರವಿತ್ತು. ಅದು ಫಸಲಿ, ಅಂದರೆ ನಿಜಾಮನ ಸರಕಾರದ ಕಂದಾಯ ವರ್ಷದ ಗುರುತು. ನಿಜಾಮನ ಕಾಗದಗಳಲ್ಲಿ ಇಸವಿ ಎಂದರೆ ಫಸಲಿಯೇ; ಅದನ್ನು ನಮ್ಮಲ್ಲಿ ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ನಾನೂ ಹೇಳಲಿಲ್ಲ. ಗುಮಾಸ್ತ ಮುಸಲ್ಮಾನರ ಹೆಸರು ನೋಡಿ ಹಿಜರಿ ಎಂದುಕೊಂಡ. ಫಸಲಿ ಲೆಕ್ಕದಲ್ಲಿ 1920ರಲ್ಲಿ ಹುಟ್ಟಿದವನನ್ನು ಹಿಜರಿ ಲೆಕ್ಕದಲ್ಲಿ 1912ಕ್ಕೆ ಒಯ್ದು ಕೂಡಿಸಿದ.

ಇದನ್ನೆಲ್ಲ ದಸ್ತಗೀರನಿಗೆ ಹೇಳಿದೆ. ಬೈದಿದ್ದರೆ ನನಗೆ ಹಗುರಾಗುತ್ತಿತ್ತು. ಅವನು ನಕ್ಕುಬಿಟ್ಟ.

“ಓದಿ ಕೆಡಿಸೀರಿ ಮಾಸ್ತರ, ಬರದು ಸರಿ ಮಾಡ್ರಿ,” ಎಂದ.

ಮೂರು ಅರ್ಜಿ ಬರೆದೆ. ತಪ್ಪು ನನ್ನದೆಂದೂ ಬರೆದೆ. ಉತ್ತರವಿಲ್ಲ. ಜೂನಿನಲ್ಲಿ ಇಬ್ಬರೂ ದೊಡ್ಡ ಕಚೇರಿಗೇ ಹೋದೆವು. ಸಾಹೇಬರು ಒಳ್ಳೆಯವರು, ಕೂರಿಸಿ ಚಹಾ ಕೊಟ್ಟರು. ಹಳೆಯ ಉರ್ದು ಹಾಳೆಯನ್ನೂ ತೆಗೆಸಿದರು. ಫೇ ಇತ್ತು, ಮಸಿ ಕೂಡ ಮಾಸಿರಲಿಲ್ಲ. ಆದರೆ ಇಂಗ್ಲಿಷ್ ಹಾಳೆಯ ಕೆಳಗೆ ದಸ್ತಗೀರನ ಹೆಬ್ಬೆಟ್ಟಿತ್ತು. ಅವನೇ ಒಪ್ಪಿದ ತಾರೀಖನ್ನು ಇಷ್ಟು ವರ್ಷದ ಮೇಲೆ ತಿದ್ದಲು ಕಾನೂನಿಲ್ಲ ಎಂದರು. ನನಗೆ ಸಿಟ್ಟು ಬಂತು, ಯಾರ ಮೇಲೆಂದು ತಿಳಿಯಲಿಲ್ಲ.

ದಸ್ತಗೀರ ಉರ್ದು ಹಾಳೆಯನ್ನು ಮೆಲ್ಲಗೆ ನನ್ನ ಕಡೆ ಸರಿಸಿದ.

“ಮಾಸ್ತರ, ಆ ಅಕ್ಷರ ಈಗರ ಓದ್ರಿ. ಒಮ್ಮ ಕೇಳ್ತೀನಿ.”

ಫೇ ಎಂದು ಓದಿದೆ. ಸಾಹೇಬರು ಇನ್ನೊಂದು ಫೈಲು ತೆಗೆದುಕೊಂಡರು.