ಮೇಲಿನ ಮನೆಯ ನೆಟ್

ನಮ್ಮ ದೊಡ್ಡಮ್ಮ ಮನೆಯಲ್ಲೇ ಬಟ್ಟೆ ಹೊಲಿಯುವವಳು. ಮೇಲಿನ ಮಹಡಿಯಲ್ಲಿರುವ ಅವಳ ಓರಗಿತ್ತಿಯದೂ ಅದೇ ಕೆಲಸ. ಇಬ್ಬರಿಗೂ ಆರ್ಡರ್ ಬರುವುದು ಇಮೇಲಿನಲ್ಲಿ. ಓರಗಿತ್ತಿ ಹೊಸ ಬ್ರಾಡ್‌ಬ್ಯಾಂಡ್ ಹಾಕಿಸಿಕೊಂಡದ್ದೇ ತಡ, ದೊಡ್ಡಮ್ಮನ ಹೊಟ್ಟೆಗೆ ಬೆಂಕಿ ಬಿತ್ತು.

"ಅವಳ ಮಿಷನ್ ಸದ್ದು ಕೇಳು! ಎಲ್ಲ ಆ ನೆಟ್ ಮಹಿಮೆ" ಎಂದು ಕತ್ತರಿಯನ್ನು ಮೇಜಿಗೆ ಕುಕ್ಕುತ್ತಿದ್ದಳು. ಮೊದಲೂ ಅವಳಿಗೆ ಅಷ್ಟೇ ಆರ್ಡರ್ ಇತ್ತಲ್ಲ ಎಂದರೆ ನನಗೇ ಬೈಗುಳ.

ಕೊನೆಗೆ ಅದೇ ಟೆಕ್ನಿಷಿಯನ್ನನ್ನು ಕರೆಸಿದಳು. "ಮೇಲೆ ಹೇಗೆ ಹಾಕಿದ್ದೀಯೋ ಹಾಗೇ ಹಾಕಪ್ಪ. ಕೂದಲೆಳೆಯಷ್ಟೂ ಕಮ್ಮಿ ಆಗಬಾರದು."

ಅವನು ಗೋಡೆ ಕೊರೆದು ವೈರ್ ಎಳೆದ, ಮೋಡೆಮ್ಮಿಗೆ ಪಾಸ್‌ವರ್ಡ್ ಹಾಕಿದ. ಹಸಿರು ದೀಪ ಹತ್ತಿತು. ಆಮೇಲೆ ಕೇಳಿದ: "ನಿಮ್ಮ ಮೇಲ್‌ಬಾಕ್ಸ್ ಕೈಕೊಟ್ಟರೆ, ಬರೋ ಮೇಲ್ ಇನ್ನೊಬ್ಬರಿಗೆ ಹೋಗೋ ಹಾಗೆ ಮಾಡಬಹುದು. ಯಾರ ವಿಳಾಸ ಹಾಕಲಿ?"

"ಅವಳು ಯಾರದ್ದು ಹಾಕಿಸಿದ್ದಾಳೆ? ನನಗೂ ಅದನ್ನೇ ಹಾಕು."

"ಅದು ಆಗಲ್ಲಮ್ಮ. ಅವರು ಹಾಕಿಸಿರೋದು ನಿಮ್ಮದೇ. 'ಕೆಳಗಡೆ ಅಕ್ಕ ಇದ್ದಾರಲ್ಲ, ಆರ್ಡರ್ ಬಂದ್ರೆ ಕೂಗಿ ಹೇಳ್ತಾರೆ' ಅಂದ್ರು."

ಅವನು ಕೀಲಿಮಣೆಯ ಮೇಲೆ ಬೆರಳಿಟ್ಟು ಕಾಯುತ್ತಿದ್ದ. ಮೇಲೆ ಮಿಷನ್ ಓಡುತ್ತಲೇ ಇತ್ತು. ನಂಬಿ ಕೊಡಬಹುದಾದ ಒಂದು ಹೆಸರೂ ದೊಡ್ಡಮ್ಮನಿಗೆ ಹೊಳೆಯಲಿಲ್ಲ.

"ನೋಡು, ಇದರಲ್ಲೂ ಅವಳೇ ಮುಂದೆ" ಎಂದಳು ಕೊನೆಗೆ. "ಅವಳಿಗಾದರೆ ನಾನಿದ್ದೀನಿ. ನನಗೆ ಯಾರಿದ್ದಾರೆ?"